ಚಿಮಣಿಗಿಂತ ಮೊದಲೇ ಬಂದ ದುಡ್ಡು

ಪಡುಬಿದ್ರಿಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವರಿಗೆ ಅದು ಹೆದ್ದಾರಿಯ ಮೇಲಿನ ಇನ್ನೊಂದು ಪೇಟೆ. ಅಲ್ಲಿ ಇಳಿದು ಸುತ್ತಾಡಿದರೆ ಹತ್ತು ಕಿಲೋಮೀಟರಿನೊಳಗೆ ಮೂರು ಸಂಗತಿಗಳು ಸಿಗುತ್ತವೆ. ಪಡುವಣಕ್ಕೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ. ನೀರು, ಮರಳು, ಶೌಚಾಲಯ ಎಲ್ಲವೂ ಚೊಕ್ಕ ಎಂದು ಹೊರದೇಶದವರು ಕೊಟ್ಟ ಸರ್ಟಿಫಿಕೇಟು. ಮೂಡಣಕ್ಕೆ, ಗಾಳಿಯಂತ್ರದ ಉದ್ದುದ್ದ ರೆಕ್ಕೆಗಳನ್ನು ತಯಾರಿಸಲು ಸುಜ್ಲಾನ್ ಕಟ್ಟಿದ ಕಾರ್ಖಾನೆ. ಅದೇ ದಿಕ್ಕಿನಲ್ಲಿ ನಂದಿಕೂರು, ಎಲ್ಲೂರಿನ ಕಡೆ, ಹೊರದೇಶದ ಕಲ್ಲಿದ್ದಲು ಸುಟ್ಟು 1200 ಮೆಗಾವಾಟ್ ಕರೆಂಟು ತೆಗೆಯುವ ಸ್ಥಾವರ. ಸ್ವಚ್ಛ ಕಡಲು, ಗಾಳಿಯ ಶಕ್ತಿ, ಕಲ್ಲಿದ್ದಲಿನ ಹೊಗೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಬಸ್‌ಸ್ಟ್ಯಾಂಡು.

ಅಭಿವೃದ್ಧಿ ಮತ್ತು ಮಾಲಿನ್ಯದ ಬಗ್ಗೆ ಟಿ.ವಿ. ಚರ್ಚೆ ನಡೆದಾಗಲೆಲ್ಲ ಯಾರಾದರೊಬ್ಬರು ಹೇಳುವ ಮಾತೊಂದಿದೆ: ಮೊದಲು ನಾಲ್ಕು ಕಾಸು ಆಗಲಿ, ಆಮೇಲೆ ಹೊಗೆ ತಾನಾಗಿ ಕಡಿಮೆಯಾಗುತ್ತದೆ, ಯುರೋಪಿನಲ್ಲಿ ಆಗಲಿಲ್ಲವೇ? ಇದು ಗಾಳಿಮಾತಲ್ಲ. 1991ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಆಲನ್ ಕ್ರೂಗರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಬೇರೆ ಬೇರೆ ದೇಶಗಳ ನಗರಗಳ ಗಾಳಿಯ ಅಳತೆಯನ್ನೂ ತಲಾ ಆದಾಯವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಡ ದೇಶ ಬೆಳೆಯುವಾಗ ಗಂಧಕದ ಡೈಆಕ್ಸೈಡು ಮತ್ತು ಹೊಗೆಯ ಕಣಗಳು ಏರುತ್ತವೆ, ಆದಾಯ ಒಂದು ಮಟ್ಟ ದಾಟಿದ ಮೇಲೆ ಇಳಿಯತೊಡಗುತ್ತವೆ. ಗ್ರಾಫಿನಲ್ಲಿ ಬಿಡಿಸಿದರೆ ಕವುಚಿ ಹಾಕಿದ ಬೋಗುಣಿಯ ಆಕಾರ. ಇದಕ್ಕೆ ಆಮೇಲೆ ಸೈಮನ್ ಕುಜ್ನೆಟ್ಸ್ ಹೆಸರು ಅಂಟಿತು. ಅವರು 1955ರಲ್ಲಿ ಹೇಳಿದ್ದು ಆದಾಯದ ಅಸಮಾನತೆಯ ಬಗ್ಗೆ, ಹೊಗೆಯ ಬಗ್ಗೆ ಅಲ್ಲವೇ ಅಲ್ಲ. ಗ್ರಾಸ್‌ಮನ್ ಮತ್ತು ಕ್ರೂಗರ್ 1995ರಲ್ಲಿ ಇನ್ನಷ್ಟು ಮಾಲಿನ್ಯಗಳನ್ನು ಸೇರಿಸಿ ಮತ್ತೆ ಬರೆದರು; ಹೆಚ್ಚಿನವು ತಲಾ ಆದಾಯ 8000 ಡಾಲರ್ ಮುಟ್ಟುವ ಮೊದಲೇ ಇಳಿಮುಖವಾಗುತ್ತವೆ ಎಂದರು. ಅದೇ ಬರಹದಲ್ಲಿ, ಇದು ತಾನಾಗಿ ಆಗುವ ಕೆಲಸ ಎಂದು ನಂಬಲು ಕಾರಣವಿಲ್ಲ ಎಂದೂ ಎಚ್ಚರಿಸಿದ್ದರು. ಟಿ.ವಿ.ಗೆ ಬರುವವರು ಮೊದಲ ಭಾಗವನ್ನಷ್ಟೇ ಓದಿರುತ್ತಾರೆ.

ನಮ್ಮ ಕರಾವಳಿಯನ್ನು ಈ ಗ್ರಾಫಿನ ಮೇಲೆ ಎಲ್ಲಿ ಕೂರಿಸಬೇಕು ಎಂದು ನಾನು ಆಗಾಗ ತಲೆ ಕೆರೆದುಕೊಂಡಿದ್ದೇನೆ. ತಲಾ ಆದಾಯದಲ್ಲಿ ರಾಜ್ಯಕ್ಕೆ ಬೆಂಗಳೂರು ನಗರ ಮೊದಲು, ದಕ್ಷಿಣ ಕನ್ನಡ ಎರಡನೆಯದು, ಉಡುಪಿಯೂ ಬೆನ್ನಿಗೇ ಇರುತ್ತದೆ. ಈ ದುಡ್ಡು ಚಿಮಣಿಯಿಂದ ಬಂದದ್ದಲ್ಲ. ಕೆನರಾ ಬ್ಯಾಂಕು ಮತ್ತು ಕಾರ್ಪೊರೇಶನ್ ಬ್ಯಾಂಕು ಹುಟ್ಟಿದ್ದು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟು 1925ರಲ್ಲಿ, ವಿಜಯಾ 1931ರಲ್ಲಿ. ಮುಂಬಯಿಗೆ ಹೋಗಿ ಹೊಟೇಲು ಇಟ್ಟವರ ಮನಿಯಾರ್ಡರು, ಗಲ್ಫಿಗೆ ಹೋದವರ ಡ್ರಾಫ್ಟು, ಮಣಿಪಾಲದ ಕಾಲೇಜು ಮತ್ತು ಆಸ್ಪತ್ರೆ, ಬೀಡಿ, ಗೇರುಬೀಜ, ಮೀನು. ದೊಡ್ಡ ಹೊಗೆಗೊಳವೆಗಳು ಬಂದದ್ದು ಇದರ ನಂತರ. ಪಣಂಬೂರಿನ ಬಂದರು 1975ರಲ್ಲಿ ಉದ್ಘಾಟನೆಯಾಯಿತು, ಎಂಸಿಎಫ್ ರಸಗೊಬ್ಬರ 1976ರಲ್ಲಿ, ಎಂಆರ್‌ಪಿಎಲ್ ಎಣ್ಣೆ ಶುದ್ಧೀಕರಣ 1990ರ ದಶಕದಲ್ಲಿ, ನಂದಿಕೂರಿನ ಕಲ್ಲಿದ್ದಲು ಸ್ಥಾವರ 2010ರಲ್ಲಿ. ಎಂದರೆ ಗ್ರಾಫು ಹೇಳಿದ ಕ್ರಮ ಇಲ್ಲಿ ತಲೆಕೆಳಗು. ದುಡ್ಡು ಮೊದಲು ಬಂತು, ಹೊಗೆ ಆಮೇಲೆ.

ಹಾಗೆಂದು ನಾವು ಹೊಗೆಯಿಲ್ಲದೆ ಶ್ರೀಮಂತರಾದೆವು ಎಂದು ಬೀಗುವಂತೆಯೂ ಇಲ್ಲ. ಗಲ್ಫಿನ ಡ್ರಾಫ್ಟಿನ ಹಿಂದೆ ಇದ್ದದ್ದು ಗಲ್ಫಿನ ಎಣ್ಣೆ. ಆ ಎಣ್ಣೆ ಉರಿದದ್ದು ಇನ್ಯಾವುದೋ ಊರಿನ ರಸ್ತೆಯಲ್ಲಿ. ನಮ್ಮ ಪಾಲಿಗೆ ಬಂದದ್ದು ಟೆರೇಸು ಮನೆ.

ಇದಕ್ಕೂ ಹಿಂದೆ ಇಲ್ಲೊಂದು ಹೊಗೆಯ ಕಾಲ ಇತ್ತು. ಅದನ್ನು ಮರೆತು ಮಾತಾಡುವುದು ಸರಿಯಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಫಲ್ಗುಣಿ ದಂಡೆಯ ಜೇಡಿಮಣ್ಣು, ದೋಣಿಯಲ್ಲಿ ಇಳಿದುಬರುವ ಕಟ್ಟಿಗೆ, ಕೈಗೆ ಸಿಗುವ ಕೂಲಿ. ನೋಡನೋಡುತ್ತಾ ಹತ್ತಾರು ಕಾರ್ಖಾನೆಗಳು ಎದ್ದವು, ಮಂಗಳೂರು ಹೆಂಚು ಹಡಗು ಹತ್ತಿತು. ನಮ್ಮ ಹಳೆ ಮನೆಗಳ ಮಾಡಿನ ಮೇಲಿನ ಕೆಂಪು ಎಷ್ಟು ಚಂದವೋ, ಅದನ್ನು ಸುಡಲು ಘಟ್ಟದ ಬುಡದ ಕಾಡಿನಿಂದ ಬಂದ ಸೌದೆಯೂ ಅಷ್ಟೇ ನಿಜ. ಆಮೇಲೆ ಕಾಂಕ್ರೀಟು ಬಂತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೆಂಚಿನ ಗೂಡಿನ ಹೊಗೆ ಮಂಗಳೂರಿನಿಂದ ಹೋದದ್ದು ಯಾರೂ ಸ್ವಚ್ಛ ಮಾಡಿದ್ದರಿಂದ ಅಲ್ಲ. ತಾರಸಿಯ ಸಿಮೆಂಟು ಬೇರೆ ಯಾವುದೋ ಜಿಲ್ಲೆಯಲ್ಲಿ ಬೇಯುತ್ತಿದೆ, ಅಷ್ಟೆ.

ಮಂಗಳೂರಿನ ಗಾಳಿಗೆ ಇವತ್ತು ಒಳ್ಳೆಯ ಹೆಸರಿದೆ. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ, ಮಂಗಳೂರು ಇಲ್ಲ. ಕಡಲ ಗಾಳಿ ಮತ್ತು ವರ್ಷಕ್ಕೆ ಮೂರೂವರೆ, ನಾಲ್ಕು ಮೀಟರು ಸುರಿಯುವ ಮಳೆ ಇದರಲ್ಲಿ ದೊಡ್ಡ ಪಾಲು ಪಡೆಯುತ್ತವೆ. ಅರಬ್ಬೀ ಸಮುದ್ರ ನಮ್ಮ ಪಕ್ಕದಲ್ಲಿ ಇಲ್ಲದಿದ್ದರೆ ಕಾರ್ಖಾನೆಗಳೇ ತುಂಬಿದ ಬೈಕಂಪಾಡಿಯ ಗತಿ ಏನಾಗುತ್ತಿತ್ತೋ.

ಈಗ ನಂದಿಕೂರಿಗೆ ಬರುತ್ತೇನೆ, ಇಡೀ ವಿಷಯ ಅಲ್ಲಿ ಒಂದೇ ಕಡೆ ಕಾಣಿಸುತ್ತದೆ. 1990ರ ದಶಕದಲ್ಲಿ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪನಿ ಅಲ್ಲಿ 1000 ಮೆಗಾವಾಟಿನ ಸ್ಥಾವರ ಕಟ್ಟಲು ಹೊರಟಿತ್ತು. ಮೆರವಣಿಗೆ, ಕೋರ್ಟು, ಪತ್ರಿಕೆಗಳಲ್ಲಿ ವಾದ ಎಲ್ಲ ಆಗಿ 1999ರ ಡಿಸೆಂಬರಿನಲ್ಲಿ ಕಂಪನಿ ಕೈತೊಳೆದುಕೊಂಡಿತು. ಗೆದ್ದೆವೆಂದು ಜಿಲ್ಲೆ ನಿಟ್ಟುಸಿರು ಬಿಟ್ಟಿತು. ಹತ್ತು ವರ್ಷ ಕಳೆದು ನೋಡಿದರೆ ಅದೇ ಮಗ್ಗುಲಲ್ಲಿ ಅದಕ್ಕಿಂತ ದೊಡ್ಡ ಸ್ಥಾವರ ಹೊಗೆಯಾಡುತ್ತಿತ್ತು. ಕಟ್ಟಿದ್ದು ಲ್ಯಾಂಕೊ, 2015ರಲ್ಲಿ ಅದಾನಿ ಗುಂಪು ಕೊಂಡುಕೊಂಡಿತು. ಕಲ್ಲಿದ್ದಲು ಹಡಗಿನಲ್ಲಿ ಪಣಂಬೂರಿಗೆ ಬಂದು ಕೊಂಕಣ ರೈಲಿನಲ್ಲಿ ಮೇಲೆ ಹೋಗುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ನಾನೂರು ಗ್ರಾಂ ಕಲ್ಲಿದ್ದಲು ಎಂದು ಇಟ್ಟುಕೊಂಡರೆ, ಪೂರ್ತಿ ಓಡುವಾಗ ಗಂಟೆಗೆ 480 ಟನ್, ಅಂದರೆ ಎಂಟು ವ್ಯಾಗನ್ನು. ತಯಾರಾದ ಕರೆಂಟು ಘಟ್ಟ ಹತ್ತಿ ಹಾಸನದ ಕಡೆ ಹೋಗಿ ರಾಜ್ಯದ ಜಾಲಕ್ಕೆ ಸೇರುತ್ತದೆ. ಬೆಂಗಳೂರಿನಲ್ಲಿ ಲಿಫ್ಟು ಹತ್ತುವವನಿಗೆ ಎಲ್ಲೂರು ಎಂಬ ಊರಿದೆ ಎಂದು ಗೊತ್ತಿರಬೇಕಾದ ಅಗತ್ಯವೇ ಇಲ್ಲ.

ಆ ಊರಿನ ಆಸುಪಾಸಿನಲ್ಲಿ ಇನ್ನೊಂದು ಉತ್ಪಾದನೆ ನಡೆಯುತ್ತದೆ, ಅದು ಮಲ್ಲಿಗೆ. ಶಂಕರಪುರ ಮಲ್ಲಿಗೆ ಎಂದೂ ಉಡುಪಿ ಮಲ್ಲಿಗೆ ಎಂದೂ ಕರೆಯುವ, ಭೌಗೋಳಿಕ ಗುರುತು ಪಡೆದ ಹೂವು. ಅದರ ಲೆಕ್ಕ ಅಟ್ಟೆ ಮತ್ತು ಚೆಂಡಿನಲ್ಲಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಬೇಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕೊಟ್ಟರೆ ಆ ದಿನದ ದರ. ಸೀಸನ್ನಿನಲ್ಲಿ ದರ ನೆಲಕ್ಕೆ ಬೀಳುತ್ತದೆ, ಮದುವೆ, ನೇಮ, ಕೋಲ ಒಟ್ಟಿಗೆ ಬಂದರೆ ಆಕಾಶಕ್ಕೇರುತ್ತದೆ. ಹಿತ್ತಲಲ್ಲಿ ಐವತ್ತು ಗಿಡ ಇದ್ದ ಮನೆಯ ಹೆಂಗಸು ಮಕ್ಕಳ ಫೀಸು, ಚೀಟಿ ಕಂತು, ಬಂಗಾರ ಎಲ್ಲವನ್ನೂ ಇದರಲ್ಲೇ ತೂಗಿಸುತ್ತಾಳೆ. ಇಷ್ಟೆಲ್ಲಕ್ಕೆ ಬೇಕಾದ ಶಕ್ತಿ ಬಿಸಿಲು, ಬಾವಿಯ ಪಂಪಿನ ಸ್ವಲ್ಪ ಕರೆಂಟು, ಹೆಂಗಸರ ಬೆರಳು. ಒಂದು ರೂಪಾಯಿ ಆದಾಯಕ್ಕೆ ಎಷ್ಟು ಶಕ್ತಿ ಖರ್ಚಾಯಿತು ಎಂಬುದು ಅಭಿವೃದ್ಧಿಯ ಅಳತೆಗೋಲಾದರೆ, ಮಲ್ಲಿಗೆ ಕಟ್ಟುವ ಆ ಹೆಂಗಸು ಜರ್ಮನಿಯನ್ನೂ ಹಿಂದಿಕ್ಕುತ್ತಾಳೆ.

ಹಾರುಬೂದಿ, ತಂಪುಗೋಪುರದಿಂದ ಗಾಳಿಯಲ್ಲಿ ಹಾರಿ ಬೀಳುವ ಉಪ್ಪುನೀರು, ಬಾವಿಯ ನೀರಿನ ರುಚಿ ಇವುಗಳ ದೂರು ಹಿಡಿದು ನಂದಿಕೂರು ಜನಜಾಗೃತಿ ಸಮಿತಿ ವರ್ಷಗಟ್ಟಲೆ ಅಲೆಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಐದು ಕೋಟಿ ರೂಪಾಯಿ ಮಧ್ಯಂತರವಾಗಿ ಕಟ್ಟಲು ಹೇಳಿತು. 2022ರಲ್ಲಿ ಸುಮಾರು 52 ಕೋಟಿ ರೂಪಾಯಿಯ ಪರಿಸರ ಪರಿಹಾರ ವಿಧಿಸಿತು. ನನಗೆ ಇಲ್ಲಿ ಮುಖ್ಯವಾದದ್ದು ಮೊತ್ತಕ್ಕಿಂತ ಅದರ ಇಸವಿ. ಸ್ಥಾವರ ಶುರುವಾಗಿ ಹನ್ನೆರಡು ವರ್ಷ ಆಗಿತ್ತು. ಈ ಹನ್ನೆರಡು ವರ್ಷ ಕರೆಂಟು ಮಾರಿದ ದುಡ್ಡು ರಾಜ್ಯದ ಒಟ್ಟು ಉತ್ಪನ್ನಕ್ಕೆ ಸೇರುತ್ತಾ ಹೋಯಿತು. ಬಾಡಿದ ಗಿಡದ ಲೆಕ್ಕ ಎಲ್ಲೂ ಕಳೆಯಲಿಲ್ಲ. ಆಮೇಲೆ ಪರಿಹಾರ ಕೊಟ್ಟು ಗಿಡ ನೆಟ್ಟರೆ ಅದೂ ಉತ್ಪನ್ನಕ್ಕೇ ಸೇರುತ್ತದೆ! ಬಿ.ಕಾಂ. ಓದುವ ಹುಡುಗ ಇಂಥ ಲೆಕ್ಕಪುಸ್ತಕ ಬರೆದರೆ ಮೇಷ್ಟ್ರು ಪುಟ ಹರಿದು ಕೈಗೆ ಕೊಡುತ್ತಾರೆ.

ಲಂಡನ್ನಿನ ಕತೆಯೂ ಇದಕ್ಕೆ ತೀರಾ ಬೇರೆಯಲ್ಲ. 1952ರ ಡಿಸೆಂಬರಿನ ಕೆಲವೇ ದಿನಗಳ ಹೊಗೆಮಂಜಿಗೆ ನಾಲ್ಕು ಸಾವಿರ ಜನ ಸತ್ತರೆಂದು ಮೊದಲು ಎಣಿಸಿದರು, ಆಮೇಲಿನ ಅಂದಾಜುಗಳು ಹನ್ನೆರಡು ಸಾವಿರದವರೆಗೂ ಹೋದವು. ಬ್ರಿಟನ್ ಆಗ ಬಡದೇಶವಾಗಿರಲಿಲ್ಲ, ಕಲ್ಲಿದ್ದಲು ಸುಡಲು ತೊಡಗಿ ಶತಮಾನಗಳೇ ಆಗಿದ್ದವು. ಶುದ್ಧ ಗಾಳಿಯ ಕಾಯಿದೆ ಬಂದದ್ದು 1956ರಲ್ಲಿ, ಅಷ್ಟು ಜನ ಸತ್ತ ಮೇಲೆ, ಸಂಸತ್ತಿನಲ್ಲಿ ಗಲಾಟೆಯಾದ ಮೇಲೆ. ಅಲ್ಲಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿದ್ದು 2024ರ ಸೆಪ್ಟೆಂಬರ್ 30ಕ್ಕೆ. ಗ್ರಾಫು ಇಳಿದದ್ದು ಅಲ್ಲಿಯೂ ಜನ ಬಾಯಿ ಬಿಟ್ಟದ್ದರಿಂದ. ಆದಾಯ ಹೆಚ್ಚಾದರೆ ಬಾಯಿ ಬಿಡುವವರ ಮಾತು ಕೇಳಿಸುವ ಸಾಧ್ಯತೆ ಹೆಚ್ಚುತ್ತದೆ ಎಂಬಷ್ಟನ್ನು ಒಪ್ಪುತ್ತೇನೆ. ಹಾಗಾದರೆ ಒಂದೇ ಜಿಲ್ಲೆಯೊಳಗೆ ಯಾರ ಆದಾಯ, ಯಾರ ಬಾಯಿ ಎಂಬ ಪ್ರಶ್ನೆ ಉಳಿಯುತ್ತದೆ. ಮಣಿಪಾಲದ ಗುಡ್ಡದ ಮೇಲೆ ಯಾರೂ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಡಲಿಲ್ಲ.

ಬಾಯಿ ಬಿಟ್ಟು ಗೆದ್ದಾಗಲೂ ಏನಾಗುತ್ತದೆ ಎಂಬುದಕ್ಕೆ ಕುದುರೆಮುಖ ಇದೆ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಭದ್ರೆಗೆ ಹೂಳು ಇಳಿಯುವುದು ತಗ್ಗಿತು, ಗುಡ್ಡಗಳಿಗೆ ಹಸಿರು ಮರಳಿತು. ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಘಟ್ಟದಿಂದ ಕೊಳವೆಯಲ್ಲಿ ಇಳಿದು ಬರುತ್ತಿದ್ದ ಅದಿರನ್ನು ನಂಬಿಕೊಂಡಿದ್ದ ಪಣಂಬೂರಿನ, ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆ ಮುಚ್ಚಲಿಲ್ಲ. ಛತ್ತೀಸ್‌ಗಢದ ಬೈಲಾಡಿಲದ ಅದಿರು ಸಮುದ್ರಮಾರ್ಗದಲ್ಲಿ ಅಲ್ಲಿಗೆ ಬರತೊಡಗಿತು. ನಮ್ಮ ಗುಡ್ಡ ಉಳಿಯಿತು, ಬಸ್ತರಿನ ಗುಡ್ಡ ತೋಡುವುದು ಮುಂದುವರಿಯಿತು. ಭದ್ರೆಗಾಗಿ ಕೂಗಿದವರು ಬಸ್ತರಿಗಾಗಿ ಯಾಕೆ ಕೂಗಲಿಲ್ಲ ಎಂದು ಕೇಳುವುದು ಸುಲಭ. ಪ್ರತಿಯೊಬ್ಬರೂ ತಮ್ಮ ಹೊಳೆಗಾಗಿ ಕೂಗುತ್ತಾರೆ. ಬಸ್ತರಿನವರಿಗೂ ಕೂಗಲು ನಮ್ಮಷ್ಟೇ ಧೈರ್ಯ, ವಕೀಲರು, ಪತ್ರಿಕೆ ಸಿಗಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಇಷ್ಟು ಹೇಳಿದ ಮೇಲೆ ನಮ್ಮ ಅಮ್ಮನ ಅಡುಗೆಮನೆಯ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು, ಮಾಡಿನ ಪಕಾಸಿಗೆಲ್ಲ ಕರಿ. ಬಚ್ಚಲ ಹಂಡೆಗೆ ತೆಂಗಿನ ಮಡಲು, ಗೆರಟೆ, ಸಿಪ್ಪೆ. ಗ್ಯಾಸಿನ ಸಿಲಿಂಡರು ಮನೆಗೆ ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಹಚ್ಚಿದ್ದರು. ಅಭಿವೃದ್ಧಿಯಿಂದ ಹೊಗೆ ಕಡಿಮೆಯಾಗುತ್ತದೆ ಎಂಬ ಮಾತು ಅಡುಗೆಮನೆಯ ಮಟ್ಟಿಗೆ ನೂರಕ್ಕೆ ನೂರು ಸತ್ಯ. ಸೌದೆ ಒಲೆಯ ಹೊಗೆ ನಮ್ಮ ದೇಶದಲ್ಲಿ ಹೆಂಗಸರ ಶ್ವಾಸಕೋಶ ತಿಂದಷ್ಟನ್ನು ಬೇರಾವ ಚಿಮಣಿ ತಿಂದಿದೆಯೋ ನನಗೆ ಅನುಮಾನ. ಹಳ್ಳಿಯ ಹಳೆ ಬದುಕೇ ಪರಿಸರಸ್ನೇಹಿ ಎಂದು ಭಾಷಣ ಮಾಡುವ ಗಂಡಸರನ್ನು ಒಂದು ಆಟಿ ತಿಂಗಳು ಆ ಒಲೆಯ ಮುಂದೆ ಕೂರಿಸಬೇಕು.

ಗಂಧಕವೂ ಹಾಗೆಯೇ. ಡೀಸೆಲಿನಲ್ಲಿ ಗಂಧಕದ ಮಿತಿ, ವಾಹನಗಳ ಹೊಗೆಯ ನಿಯಮವಾದ ಬಿಎಸ್–4ರಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಇದ್ದದ್ದು 2020ರ ಏಪ್ರಿಲಿನಿಂದ ಬಿಎಸ್–6ರಲ್ಲಿ 10ಕ್ಕೆ ಇಳಿಯಿತು. ಕೊಚ್ಚಿಯಿಂದ ಬರುವ ಅನಿಲ ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಗಿ, ನಾಫ್ತಾ ಉಪಯೋಗಿಸುತ್ತಿದ್ದ ಗೊಬ್ಬರ ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಮೂಗಿಗೆ ತಾಗುವ, ಕೆಮ್ಮು ಬರಿಸುವ ಹೊಗೆಗೆ ಮದ್ದಿದೆ. ದುಡ್ಡು ಮತ್ತು ಕಾನೂನು ಇದ್ದರೆ ಅದು ಕೆಲಸವನ್ನೂ ಮಾಡುತ್ತದೆ.

ಮೂಗಿಗೆ ತಾಗದ ಇಂಗಾಲದ ಡೈಆಕ್ಸೈಡಿನ ವಿಷಯದಲ್ಲಿ ಆ ಬೋಗುಣಿ ನೆಟ್ಟಗೆ ಕೂರುವುದೇ ಇಲ್ಲ. ಜಪಾನಿನ ಯೋಯಿಚಿ ಕಾಯಾ ಇದಕ್ಕೊಂದು ಸರಳ ಗುಣಾಕಾರ ಹೇಳಿಕೊಟ್ಟರು: ಎಷ್ಟು ಜನ, ತಲಾ ಎಷ್ಟು ಆದಾಯ, ಒಂದು ರೂಪಾಯಿ ಆದಾಯಕ್ಕೆ ಎಷ್ಟು ಶಕ್ತಿ, ಆ ಶಕ್ತಿಯಲ್ಲಿ ಎಷ್ಟು ಇಂಗಾಲ. ನಾಲ್ಕನ್ನೂ ಗುಣಿಸಿದರೆ ಒಟ್ಟು ಹೊರಸೂಸುವಿಕೆ ಸಿಗುತ್ತದೆ. 2005ರಿಂದ 2020ರೊಳಗೆ ಭಾರತ ಉತ್ಪನ್ನದ ಪ್ರತಿ ರೂಪಾಯಿಗೆ ಹೊರಸೂಸುವಿಕೆಯನ್ನು 36 ಶೇಕಡ ಇಳಿಸಿತು. ಅದೇ ಅವಧಿಯಲ್ಲಿ ಒಟ್ಟು ಹೊರಸೂಸುವಿಕೆ ಏರಿತು, ಏಕೆಂದರೆ ರೂಪಾಯಿಗಳು ಅದಕ್ಕಿಂತ ವೇಗವಾಗಿ ಹೆಚ್ಚಿದವು. ಎರಡೂ ನಿಜ. ಮಂತ್ರಿಗಳು ಒಂದನ್ನು ಹೇಳುತ್ತಾರೆ, ಚಳವಳಿಗಾರರು ಇನ್ನೊಂದನ್ನು. ಮೂರನೆಯದನ್ನೂ ಸೇರಿಸಬೇಕು: ನಮ್ಮ ತಲಾ ಇಂಗಾಲದ ಡೈಆಕ್ಸೈಡು ವರ್ಷಕ್ಕೆ ಸುಮಾರು ಎರಡು ಟನ್, ಅಮೆರಿಕದವರದ್ದು ಹದಿನಾಲ್ಕರ ಹತ್ತಿರ. ನಮ್ಮ ತಲಾ ವಿದ್ಯುತ್ ಬಳಕೆ ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ. ಬಿಹಾರದ ಹಳ್ಳಿಗೆ ಫ್ಯಾನು ಬೇಡ ಎನ್ನಲು ಎ.ಸಿ. ಕೋಣೆಯಲ್ಲಿ ಕೂತ ನನಗೆ ಯಾವ ಬಾಯಿಯೂ ಇಲ್ಲ.

ಶಕ್ತಿ ಹೆಚ್ಚು ಸುಟ್ಟರೆ ಸಂಪತ್ತು ಹೆಚ್ಚುತ್ತದೆ ಎಂಬುದೂ ಎಲ್ಲ ಕಡೆ ನಿಲ್ಲುವ ಮಾತಲ್ಲ. ಮಂಗಳೂರು ದಕ್ಕೆಯಲ್ಲೋ ಮಲ್ಪೆಯಲ್ಲೋ ಬೋಟು ನಡೆಸುವ ಹಳೆ ತಾಂಡೇಲರೊಬ್ಬರನ್ನು ಮಾತಿಗೆಳೆದರೆ ಸಾಕು. "ಮೊದಲು ಬೆಳಿಗ್ಗೆ ಹೋಗಿ ಸಂಜೆ ಬರ್ತಿದ್ದೆವು ಮಾರಾಯ್ರೆ. ಈಗ ಹತ್ತು ದಿನ, ಹನ್ನೆರಡು ದಿನ. ಡೀಸೆಲಿಗೆ ಹೋದದ್ದು ಕಳೆದರೆ ಕೈಗೆ ಬರುವುದು ಬಂಗುಡೆಯ ಮುಳ್ಳು" ಎಂದು ನನಗೆ ಒಬ್ಬರು ಹೇಳಿದ್ದರು. ಟ್ರಾಲ್ ಬೋಟು ಬಂತು, 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತಿ ಹಿಡಿಯುವ ಪರ್ಸೀನ್ ಬಲೆ ಬಂತು, ಇಂಜಿನ್ನಿನ ಅಶ್ವಶಕ್ತಿ ಏರುತ್ತಾ ಹೋಯಿತು. ದಡದ ಹತ್ತಿರ ಮೀನು ಕಡಿಮೆಯಾದಷ್ಟೂ ದೂರ ಹೋಗಬೇಕು, ದೂರ ಹೋದಷ್ಟೂ ಡೀಸೆಲು. ಸರಕಾರ ಡೀಸೆಲಿಗೆ ಸಬ್ಸಿಡಿ ಕೊಡುತ್ತದೆ, ಆಗ ಇನ್ನಷ್ಟು ದೂರ ಹೋಗಬಹುದು. ಒಂದು ಕಿಲೋ ಮೀನಿಗೆ ಸುಡುವ ಎಣ್ಣೆ ಏರುತ್ತದೆ, ಕಡಲು ಬರಿದಾಗುತ್ತದೆ, ಬೋಟಿನ ಸಾಲ ಮಾತ್ರ ಇದ್ದಲ್ಲೇ ಇರುತ್ತದೆ. ಇದನ್ನು ಯಾವ ಬೆಳವಣಿಗೆ ಎಂದು ಕರೆಯಬೇಕೋ ತಿಳಿಯದು.

ಮಿತವ್ಯಯದ ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಉತ್ತರ ಜೆಪ್ಪುವಿನ ಹೆಂಚಿನಷ್ಟೇ ಹಳೆಯದು. ಅದೇ 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಬರೆದರು: ಕಡಿಮೆ ಕಲ್ಲಿದ್ದಲು ತಿನ್ನುವ ಉಗಿಯಂತ್ರ ಬಂದ ಮೇಲೆ ಕಲ್ಲಿದ್ದಲಿನ ಖರ್ಚು ಕಡಿಮೆಯಾಗಲಿಲ್ಲ, ಅಗ್ಗವಾಯಿತೆಂದು ಎಲ್ಲರೂ ಯಂತ್ರ ಇಟ್ಟುಕೊಂಡು ಒಟ್ಟು ಖರ್ಚು ಹೆಚ್ಚಾಯಿತು. ನಮ್ಮಲ್ಲಿ ಎಲ್‌ಇಡಿ ಬಲ್ಬು ಮನೆಮನೆಗೆ ಹೋಗಿ ನಿಜವಾಗಿಯೂ ಕರೆಂಟು ಉಳಿಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದೀಪದಲ್ಲಿ ಉಳಿದದ್ದನ್ನು ತಣ್ಣನೆಯ ಗಾಳಿ ತಿಂದು ಮುಗಿಸುತ್ತಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಂಕನಾಡಿಯ ಯಾವ ಅಪಾರ್ಟ್‌ಮೆಂಟಿನ ಹಿಂಬದಿ ನೋಡಿದರೂ ಗೋಡೆ ತುಂಬಾ ಎ.ಸಿ.ಯ ಪೆಟ್ಟಿಗೆಗಳು. ಗಂಟೆಗೆ ಒಂದು ಯೂನಿಟ್ ಎಂದರೂ, ಆ ಕರೆಂಟು ಕಲ್ಲಿದ್ದಲಿನದ್ದಾದರೆ ಒಂದು ರಾತ್ರಿಯ ನಿದ್ದೆಗೆ ಮೂರು ಕಿಲೋ ಕಲ್ಲಿದ್ದಲು.

ಸೂರ್ಯನಿದ್ದಾನಲ್ಲ ಎನ್ನಬಹುದು. ಇದ್ದಾನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕಿದೆ. ಮಳೆಗಾಲದಲ್ಲಿ ನಮ್ಮ ಮಾಡಿನ ಸೋಲಾರು ಮಂಕಾದಾಗ ವಾರಾಹಿ, ಶರಾವತಿ ತುಂಬುತ್ತವೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಬಿಸಿಲು ಕಾಯುತ್ತದೆ. ಕರ್ನಾಟಕದಷ್ಟು ಚೆನ್ನಾಗಿ ಈ ಜೋಡಿ ಕೂಡಿಬಂದ ರಾಜ್ಯಗಳು ಕಡಿಮೆ. ಕೈಗಾದ ಅಣುಸ್ಥಾವರವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. 1989ರಲ್ಲಿ ಅದರ ವಿರುದ್ಧ ಕೋಟ ಶಿವರಾಮ ಕಾರಂತರು ಲೋಕಸಭೆಗೇ ನಿಂತಿದ್ದರು. ಅವರ ಪ್ರಶ್ನೆಗಳು ಇವತ್ತಿಗೂ ಹಳತಾಗಿಲ್ಲ, ಆದರೆ ಇಂಗಾಲದ ಲೆಕ್ಕ ಹಿಡಿದರೆ ಅದರ 880 ಮೆಗಾವಾಟು ನಂದಿಕೂರಿನದಕ್ಕಿಂತ ಹಗುರ. ಇದನ್ನು ಬರೆದದ್ದಕ್ಕೆ ನನ್ನ ಹಳೆ ಗೆಳೆಯರಿಬ್ಬರು ಮಾತು ಬಿಟ್ಟರೂ ಆಶ್ಚರ್ಯವಿಲ್ಲ.

ತೊಡಕು ಇರುವುದು ರಾತ್ರಿಯದ್ದು. ಎ.ಸಿ. ಓಡುವುದು ಸೂರ್ಯ ಮುಳುಗಿದ ಮೇಲೆ. ಹಗಲಿನ ಸೋಲಾರ್ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ರಾತ್ರಿ ಕೆಳಗೆ ಬಿಟ್ಟು ಕರೆಂಟು ಮಾಡುವ 2000 ಮೆಗಾವಾಟಿನ ಯೋಜನೆ ಶರಾವತಿ ಕಣಿವೆಗೆ ತಯಾರಾಗಿದೆ. ತಲಕಳಲೆ ಮೇಲೆ, ಗೇರುಸೊಪ್ಪೆ ಕೆಳಗೆ. ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. ಇತ್ತ ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕೆ.ವಿ. ತಂತಿಗೆ ಅಡಿಕೆ, ತೆಂಗಿನ ತೋಟದವರು ಅಡ್ಡ ನಿಂತಿದ್ದಾರೆ. ಅಷ್ಟು ಒತ್ತಡದ ತಂತಿಯ ಕೆಳಗೆ ಸುಮಾರು 46 ಮೀಟರು ಅಗಲಕ್ಕೆ ಎತ್ತರದ ಮರ ಇಡುವಂತಿಲ್ಲ. ಕರೆಂಟು ಕಪ್ಪಿರಲಿ ಹಸಿರಿರಲಿ, ಹಾದುಹೋಗುವ ದಾರಿ ಯಾರದ್ದೋ ತೋಟ, ಯಾರದ್ದೋ ಕಾಡು. ಇಂಥಲ್ಲಿ ವಿರೋಧಿಸುವವರನ್ನೆಲ್ಲ ಅಭಿವೃದ್ಧಿಯ ವೈರಿಗಳೆಂದು ಬಯ್ಯುವ ಮೊದಲು, ಮೇ ತಿಂಗಳ ರಾತ್ರಿ ನಮಗೆ ಅಷ್ಟೊಂದು ಕರೆಂಟು ಯಾಕೆ ಬೇಕಾಯಿತು ಎಂದು ಒಮ್ಮೆ ನೋಡಬೇಡವೇ? ಹೆಂಚಿನ ಮಾಡು, ಸುತ್ತ ಜಗಲಿ ಇದ್ದ ಮನೆಗಳನ್ನು ಕೆಡವಿ, ಇಡೀ ಹಗಲು ಕಾದು ರಾತ್ರಿಯೆಲ್ಲ ಬಿಸಿ ಉಗುಳುವ ಕಾಂಕ್ರೀಟು ಪೆಟ್ಟಿಗೆ ಕಟ್ಟಿಕೊಂಡವರು ನಾವೇ. ಹಾಗೆ ಕಟ್ಟಿದ್ದೂ ಬೆಳವಣಿಗೆಯ ಲೆಕ್ಕದಲ್ಲಿ ಸೇರಿತು, ಅದನ್ನು ತಣ್ಣಗಿಡಲು ಕೊಂಡ ಯಂತ್ರವೂ ಸೇರಿತು, ಯಂತ್ರದ ಕರೆಂಟು ಬಿಲ್ಲೂ ಸೇರಿತು.

ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಟೆರೇಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸೋಣ, ಸಾಧ್ಯವಾದರೆ ಮೇಲೊಂದು ಹೆಂಚಿನ ಮಾಡು ಹಾಕಿಸೋಣ ಎಂದು ಪ್ರಸ್ತಾಪ ಇಟ್ಟಿದ್ದೇನೆ. ಹೆಂಚು ಓಲ್ಡ್ ಫ್ಯಾಶನ್ ಕಾಣುತ್ತದೆ, ಫ್ಲ್ಯಾಟಿನ ರೇಟು ಬೀಳುತ್ತದೆ ಎಂದು ಮೂರನೇ ಮಹಡಿಯವರು ಆಕ್ಷೇಪ ಎತ್ತಿದ್ದಾರೆ. ಬಣ್ಣದ ವಿಷಯ ಮುಂದಿನ ಸಭೆಯ ಪಟ್ಟಿಯಲ್ಲಿ ಲಿಫ್ಟು ರಿಪೇರಿ ಮತ್ತು ಜನರೇಟರಿನ ಡೀಸೆಲಿನ ನಂತರ ಬರುತ್ತದಂತೆ.